ಬೀಸುಕಲ್ಲಿನ ಚಿತ್ರಪುಸ್ತಕ

ನನ್ನ ತಂಗಿ ಕಾಶವ್ವನಿಗೆ ಕಿವಿ ಕೇಳುತ್ತಿರಲಿಲ್ಲ. ಬೇರೆ ಊರಾಗಿದ್ದರೆ ಹೇಗೋ ನಡೆದುಹೋಗುತ್ತಿತ್ತು. ನಮ್ಮ ಊರಿನಲ್ಲಿ ಹಾಡಿಲ್ಲದೆ, ಪದ ಹೇಳದೆ ಯಾವ ಕೆಲಸವೂ ಸಾಗುವುದಿಲ್ಲ. ಬೀಸುವ ಪದ ಹೇಳದಿದ್ದರೆ ಬೀಸುಕಲ್ಲು ತಿರುಗದು. ನಾಲ್ಕು ಗಂಡಾಳು ಗೂಟಕ್ಕೆ ಜೋತುಬಿದ್ದರೂ ಅಷ್ಟೇ. ಸೇದುವ ಪದ ಹೇಳದಿದ್ದರೆ ಬಾವಿಯಿಂದ ಕೊಡ ಮೇಲೆ ಬಾರದು. ತೊದಲುವ ಗಾಡಿಯವನೊಬ್ಬನಿದ್ದ, ಅವನ ಎತ್ತುಗಳು ಎರಡು ಹೆಜ್ಜೆ ಹೋಗಿ ನಿಂತು, ಮತ್ತೆ ಎರಡು ಹೆಜ್ಜೆ ಹೋಗುತ್ತಿದ್ದವು. ಅವನ ಗಾಡಿಯಲ್ಲಿ ಮಡಕೆ ಹೇರಲು ಕುಂಬಾರರು ಒಪ್ಪುತ್ತಿರಲಿಲ್ಲ. ಹಿಂದೊಮ್ಮೆ ಯಾರೋ ಹಿಟ್ಟಿನ ಗಿರಣಿ ತಂದು ಹಾಕಿದ್ದರಂತೆ. ಗಿರಣಿಗೆ ಪದವಿರಲಿಲ್ಲ. ಅದು ಕೂತಲ್ಲೇ ತುಕ್ಕು ಹಿಡಿಯಿತು, ಅದರ ಹೊಟ್ಟೆಯಲ್ಲಿ ಈಗಲೂ ಕೋಳಿಗಳು ಮೊಟ್ಟೆಯಿಡುತ್ತವೆ. ಚಳಿಗಾಲದಲ್ಲಿ ಊರಿಗೆ ಊರೇ ಗಂಟಲು ಕಟ್ಟಿ ಕೂತಾಗ ಎಲ್ಲರ ಮನೆಯಲ್ಲೂ ಚುರುಮುರಿ, ಅವಲಕ್ಕಿ. ಹೆಂಗಸರ ಸೆರಗಿನ ಗಂಟಿನಲ್ಲಿ ಕಲ್ಲುಸಕ್ಕರೆ ಇಲ್ಲದ ದಿನವಿಲ್ಲ. ಹೆಣ್ಣು ನೋಡಲು ಬಂದವರು ಮುಖ ನೋಡುವ ಮೊದಲು ಒಂದು ಹಿಡಿ ಜೋಳ ಕೈಗಿಟ್ಟು, “ಬೀಸವ್ವ” ಅನ್ನುತ್ತಾರೆ. ಕಾಶವ್ವನನ್ನು ನೋಡಲು ಯಾರೂ ಬರಲಿಲ್ಲ.

ಅವಳೇನು ಸುಮ್ಮನೆ ಕೂತವಳಲ್ಲ. ಅವ್ವನ ತುಟಿ ನೋಡಿ ತಾನೂ ತುಟಿ ಆಡಿಸಿದಳು, ಕೂಗಿದಳು, ಗೂಟವನ್ನು ಒದ್ದಳು. ಕಲ್ಲು ಹಂದಲಿಲ್ಲ, ಮಿಸುಕಲಿಲ್ಲ. ಅವ್ವನ ದನಿ ಗಟ್ಟಿಯಿರುವವರೆಗೆ ಮನೆ ನಡೆಯಿತು. ಒಂದು ವರ್ಷ ಅವ್ವನಿಗೆ ಗಂಟಲಿನ ಬೇನೆ ಬಂದು, ಬೇನೆ ಹೋಗುವಾಗ ದನಿಯನ್ನೂ ಕರೆದುಕೊಂಡು ಹೋಯಿತು. ಉಳಿದದ್ದು ಪಿಸುಮಾತು. ಪಿಸುಮಾತಿಗೆ ಕಲ್ಲು ತಿರುಗುವುದಿಲ್ಲ.

ಹೊಸ ಜೋಳದ ದಿನ ಹತ್ತಿರ ಬರುತ್ತಿತ್ತು. ಅಂದು ಪ್ರತಿ ಮನೆಯವರೂ ತಮ್ಮ ಕಲ್ಲನ್ನು ಅಂಗಳಕ್ಕೆ ತಂದು, ಊರ ಹಿರಿಯರ ಎದುರು ಹೊಸ ಜೋಳ ಬೀಸಬೇಕು. ಯಾರ ಕೈಗೆ ಕಲ್ಲು ತಿರುಗಿತೋ ಮನೆ ಅವರದು. ಹೊತ್ತು ಮುಳುಗುವುದರೊಳಗೆ ತಿರುಗದ ಕಲ್ಲನ್ನು ಎತ್ತಿ ಚಾವಡಿಗೆ ಒಯ್ಯುತ್ತಾರೆ. ಕಲ್ಲು ಹೋದ ಮನೆಯವರು ಮುಂದೆ ಯಾರ ಮನೆಯ ಹಿಟ್ಟು ಸಿಕ್ಕೀತೆಂದು ಬಾಗಿಲು ಬಾಗಿಲು ತಿರುಗಬೇಕು.

ನಾನು ಹೊರಗಿನ ಊರೊಂದರ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದೆ. ಸುದ್ದಿ ಕೇಳಿ ರಜೆ ಹಾಕಿ ಬಂದೆ. ಅವ್ವ ನನ್ನ ಕಿವಿಗೆ ಬಾಯಿಟ್ಟು, “ಸುವರ್ಣಾ, ನೀನ ತಿರುವಿಬಿಡು. ಇಬ್ರೂ ಒಂದ ಮನ್ಯಾಗ ಇರ್ರಿ” ಅಂದಳು. ಕಾಶವ್ವ ಎದುರಿಗೇ ಕೂತಿದ್ದಳು. ಅವಳಿಗೆ ತುಟಿ ಸಾಕು. ಹಿಟ್ಟಿನ ಡಬ್ಬಿಯನ್ನು ಢಬ್ಬೆಂದು ಕುಕ್ಕಿ, ಕೈಸನ್ನೆಯಲ್ಲಿ ಚಕಚಕ ಹೇಳಿದಳು: ನೀ ತಿರುವಿದರೆ ಮನೆ ನಿನ್ನದು. ನಾನು ನಿನ್ನ ಮನೆಯಲ್ಲಿ ಉಣ್ಣುವವಳು. ನಿನ್ನ ಗಂಡ ಬರುತ್ತಾನೆ, ಅವನ ಮನೆಯಲ್ಲಿ ಉಣ್ಣುವವಳು. ಬೇಡ.

“ನನಗಿನ್ನೂ ಗಂಡನ ಇಲ್ಲಲೇ” ಅಂದೆ.

ಬರುತ್ತಾನೆ, ಎಂದು ಮೀಸೆ ತಿರುವಿ ತೋರಿಸಿದಳು. ಹೊಟ್ಟೆ ದಪ್ಪ ಇರುತ್ತದೆ, ಎಂದೂ ತೋರಿಸಿದಳು. ಅವ್ವನಿಗೆ ನಗು ಬಂತು. ಗಂಟಲಿನಿಂದ ಬರೀ ಗಾಳಿ ಹೊರಬಿತ್ತು.

ನನ್ನ ಶಾಲೆಯಲ್ಲಿ ಅಕ್ಷರ ಬಾರದ ಮಕ್ಕಳು ಚಿತ್ರದ ಪುಸ್ತಕ ಹಿಡಿದು ಹಾಳೆ ತಿರುವುವುದನ್ನು ನೋಡಿದ್ದೆ. ಹಾಳೆ ತಿರುವಿದ ಹಾಗೆ ಅವರ ತುಟಿ ಅಲುಗುತ್ತದೆ, ತಲೆ ತೂಗುತ್ತದೆ. ಅಲ್ಲಿ ದನಿ ಇರುವುದಿಲ್ಲ, ಆದರೆ ಹಾಡು ಇರುತ್ತದೆ. ಪದವನ್ನು ಚಿತ್ರದಲ್ಲಿ ಬರೆದು ಕಾಶವ್ವನ ಕಣ್ಣಿಗೆ ಕೊಟ್ಟರೆ? ಹೊಳೆದ ಕೂಡಲೇ ಕೈ ಬೆಚ್ಚಗಾಯಿತು. ಊಟದ ತಟ್ಟೆಯನ್ನು ಅಲ್ಲೇ ಬಿಟ್ಟು ಚೀಲದಿಂದ ಬಣ್ಣದ ಡಬ್ಬಿ ತೆಗೆದೆ.

ನಮ್ಮೂರ ಬೀಸುವ ಪದ ಒಂದು ಇರುವೆಯ ಕಥೆ. “ಇರುವೆಮ್ಮ ಹೊತ್ತಾಳ ಹಿರಿಜ್ವಾಳದ ಒಂದ ಕಾಳ, ಮಗಳೂರ ದಾರಿ ಬಲು ದೂರ, ಓ ಗುಬ್ಬಿ, ನನಗಿಷ್ಟು ನೆರಳ ಕೊಡತೀಯಾ?” ಹೀಗೆ ಶುರುವಾಗುತ್ತದೆ. ಇರುವೆ ಮಗಳ ಮನೆಗೆ ಕಾಳು ಹೊತ್ತು ಹೊರಡುತ್ತಾಳೆ. ಗುಬ್ಬಿಯ ಹತ್ತಿರ ನೆರಳು ಕೇಳುತ್ತಾಳೆ, ಹಳ್ಳದಲ್ಲಿ ತೇಲುವ ಎಲೆಯ ಹತ್ತಿರ ದೋಣಿ ಕೇಳುತ್ತಾಳೆ, ಗಾಡಿದಾರಿಯಲ್ಲಿ ಎತ್ತಿನ ಗೊರಸಿಗೆ ಕೈಮುಗಿಯುತ್ತಾಳೆ. ಕೊನೆಗೆ ಮಗಳ ಬಾಗಿಲು ಬಡಿಯುತ್ತಾಳೆ. ಅಲ್ಲಿಯವರೆಗೆ ಊರಿಗೆಲ್ಲ ಒಂದೇ ಪದ. ಆಮೇಲಿನ ಕೊನೆಯ ಚರಣ ಬಾಗಿಲ ನುಡಿ. ಅದು ಮನೆಗೊಂದು. ನಮ್ಮ ಮನೆಯ ನುಡಿಯಲ್ಲಿ ಮಗಳು ಸೌಟು ಹಿಡಿದುಕೊಂಡೇ ಬಂದು ಬಾಗಿಲು ತೆಗೆಯುತ್ತಾಳೆ. ಪಕ್ಕದ ಮನೆಯ ಫಕೀರವ್ವನ ನುಡಿಯಲ್ಲಿ ಬಾಗಿಲಿಗೆ ಬೀಗ. ಇರುವೆ ಕಾಳನ್ನು ಹೊಸ್ತಿಲ ಮೇಲಿಟ್ಟು ಬಂದ ದಾರಿಯಲ್ಲೇ ವಾಪಸು ನಡೆಯುತ್ತಾಳೆ. ಲಗ್ನಪತ್ರಿಕೆ ಛಾಪಿಸುವ ಅಡಿವೆಪ್ಪನ ಮನೆಯಲ್ಲಿ ಇರುವೆ ಬಾಗಿಲು ಮುಟ್ಟುವುದೇ ಇಲ್ಲ. ಗೊರಸಿನಡಿ ಸಿಕ್ಕಿ ಸಾಯುತ್ತಾಳೆ, ಕಾಳು ಮೊಳಕೆಯೊಡೆದು ದಾರಿಯ ಮಧ್ಯೆ ತೆನೆಯಾಗುತ್ತದೆ. ಸೊಸೆ ಬಂದರೆ ಅತ್ತೆ ಮೊದಲು ಕಲಿಸುವುದು ಬಾಗಿಲ ನುಡಿ. ಒಬ್ಬರ ನುಡಿಯನ್ನು ಇನ್ನೊಬ್ಬರು ಹೇಳುವುದಿಲ್ಲ. ಹೇಳಬಾರದೆಂದು ಯಾರೂ ಕಟ್ಟು ಮಾಡಿರಲಿಲ್ಲ, ಯಾರಿಗೂ ಹೇಳಬೇಕೆನ್ನಿಸಿರಲಿಲ್ಲ.

ಹಾಳೆಗೊಂದು ನುಡಿಯಂತೆ ಬರೆದೆ. ಇರುವೆಗೆ ನೀಲಿ ಸೀರೆ ಉಡಿಸಿದೆ, ಸೆರಗನ್ನು ಸಿಂಬಿ ಮಾಡಿ ಅದರ ಮೇಲೆ ಕಾಳು ಕೂರಿಸಿದೆ. ಗುಬ್ಬಿಗೆ ಫಕೀರವ್ವನ ಮೂಗು ಇಟ್ಟೆ. ಕಾಶವ್ವ ನನ್ನ ಭುಜದ ಮೇಲೆ ಗದ್ದ ಊರಿ ನೋಡುತ್ತಿದ್ದಳು. ಗುಬ್ಬಿಯ ಮೂಗು ಕಂಡಕೂಡಲೇ ಹೊರಳಾಡಿ ನಕ್ಕಳು. ಹಳ್ಳದ ಹಾಳೆ ಬಂದಾಗ ಕೈ ಹಿಂಡಿದಳು: ಮುಳುಗುತ್ತಾಳೆಯೇ? ಬೇಗ ಬರಿ, ಬೇಗ! ಮಾತಾಡುವ ತುಟಿ ಅವಳಿಗೆ ತಿಳಿಯುತ್ತಿತ್ತು, ಎಳೆದು ಹಾಡುವ ತುಟಿ ತಿಳಿಯುತ್ತಿರಲಿಲ್ಲ. ಇಪ್ಪತ್ತು ವರ್ಷ ಕಲ್ಲಿನ ಮಗ್ಗುಲಲ್ಲೇ ಮಲಗಿದವಳಿಗೆ ಅದರ ಪದದಲ್ಲಿ ಒಂದು ಇರುವೆ ಇದೆಯೆಂದು ಅಂದೇ ಗೊತ್ತಾದದ್ದು.

ಹಾಳೆ ಒಣಗಿದ ಮೇಲೆ ದಾರ ಹಾಕಿ ಹೊಲಿದೆ. ಕಾಶವ್ವ ಕಲ್ಲಿನ ಮುಂದೆ ಕಾಲು ಚಾಚಿ ಕೂತಳು. ಅವ್ವ ಎದುರಿಗೆ ಪುಸ್ತಕ ಹಿಡಿದು ಹಾಳೆ ತಿರುವಿದಳು. ಕಲ್ಲು ಹಂದಲಿಲ್ಲ. ಮತ್ತೆ ಮೊದಲಿನಿಂದ. ಹಂದಲಿಲ್ಲ. ಗೋಡೆಯ ಮೇಲಿನಿಂದ ಇಣುಕಿದ ಫಕೀರವ್ವ, “ಏ ಸುವರ್ಣಿ, ಕಾಗದಕ್ಕ ಗಂಟಲ ಹಚ್ಚಾಕ ಬಂದೀಯೇನ? ಹಂಗಾದ್ರ ನಮ್ಮ ಎಮ್ಮಿ ಚಿತ್ರಾನೂ ಬರದು ಕೊಡು, ಹಾಲ ಹಿಂಡತೀನಿ” ಅಂದಳು. ಕಾಶವ್ವ ಪುಸ್ತಕ ಕಿತ್ತುಕೊಂಡು ಒಲೆಯ ಕಡೆ ಎಸೆದಳು. ಒಲೆ ಆರಿತ್ತು, ಉಳಿಯಿತು.

ಮರುದಿನ ಅವಳು ಮನೆಯಲ್ಲಿರಲಿಲ್ಲ. ಗೋಡೆಯಾಚೆ ನೋಡಿದರೆ ಫಕೀರವ್ವ ಬೀಸುತ್ತಿದ್ದಾಳೆ, ಕಾಶವ್ವ ಅವಳ ಬೆನ್ನಿಗೆ ಎರಡೂ ಅಂಗೈ ಅಂಟಿಸಿ ಕೂತಿದ್ದಾಳೆ. “ನೋಡ ಬಾ ನಿನ್ನ ತಂಗೀನ, ಹಲ್ಲಿ ಹಂಗ ಹತ್ಯಾಳ ನನ್ನ” ಎಂದು ಫಕೀರವ್ವ ಕೂಗಿದಳು. ಆದರೆ ತಳ್ಳಲಿಲ್ಲ. ಪದ ಮುಗಿದ ಮೇಲೆ ಕಾಶವ್ವ ಇನ್ನೊಂದು ಬೊಗಸೆ ಜೋಳವನ್ನು ತಾನೇ ಸುರಿದು, ಮತ್ತೆ ಹೇಳು ಎಂದು ಬೆನ್ನು ತಟ್ಟಿದಳು. “ಅಯ್ಯ, ನನಗ ಹುಕುಂ ಮಾಡ್ತೀ?” ಎಂದು ಬೈಯುತ್ತಲೇ ಫಕೀರವ್ವ ಮತ್ತೆ ಶುರುಮಾಡಿದಳು. ಕಾಶವ್ವ ಮಧ್ಯಾಹ್ನದವರೆಗೆ ಬೀಸಿಸಿದಳು. ಫಕೀರವ್ವನ ಮನೆಯಲ್ಲಿ ವಾರಕ್ಕಾಗುವಷ್ಟು ಹಿಟ್ಟಾಯಿತು.

ಮನೆಗೆ ಬಂದವಳೇ ಇದ್ದಿಲು ತೆಗೆದುಕೊಂಡು ನನ್ನ ಚಂದದ ಹಾಳೆಗಳ ಮೇಲೆ ಗೀಚತೊಡಗಿದಳು. ನಾನು ಕೈ ಹಿಡಿದೆ, ಕಚ್ಚಿದಳು. ಗೀಚಿ ಮುಗಿಸಿದ ಮೇಲೆ ನೋಡಿದೆ. ಹಾಳೆಯ ಅಂಚಿನುದ್ದಕ್ಕೂ ಇರುವೆಯ ಹೆಜ್ಜೆಗಳು. ಒಂದು ದೊಡ್ಡದು, ಎರಡು ಸಣ್ಣವು, ಮತ್ತೆ ದೊಡ್ಡದು. ಬೆನ್ನು ತಗ್ಗಿದಲ್ಲಿ ದೊಡ್ಡ ಹೆಜ್ಜೆ, ಉಸಿರು ಎಳೆದಲ್ಲಿ ಖಾಲಿ. ಹಳ್ಳದ ಹಾಳೆಯಲ್ಲಿ ಹೆಜ್ಜೆ ನಿಂತು ನೀರಿನ ಸುಳಿ. ದನಿ ಎಳೆದು ಹಾಡುವ ಜಾಗ ಅದು. ನಾನು ಕಥೆಯನ್ನಷ್ಟೇ ಬರೆದಿದ್ದೆ. ನಡಿಗೆ ಬಿಟ್ಟುಹೋಗಿತ್ತು.

ಎಲ್ಲ ಹಾಳೆ ಹರಿದು ಹೊಸದಾಗಿ ಬರೆದೆವು, ಈ ಸಲ ಇಬ್ಬರೂ ಸೇರಿ. ಇರುವೆ ನನ್ನದು, ಹೆಜ್ಜೆ ಅವಳದು. ಕಣ್ಣು ಹೆಜ್ಜೆಯ ಮೇಲೆ ನಡೆಯುತ್ತ ಹಾಳೆಯ ಸುತ್ತ ಹೋಗಿ ಮೂಲೆಗೆ ಬಂದಾಗ ಮುಂದಿನ ಹಾಳೆ. ಬಾಗಿಲ ಹಾಳೆಯಲ್ಲಿ ಸೌಟು ಹಿಡಿದ ಮಗಳಿಗೆ ಅವಳೇ ತನ್ನ ಮೂಗುಬೊಟ್ಟು ಬರೆದುಕೊಂಡಳು. ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಅವ್ವ ಪುಸ್ತಕ ಹಿಡಿದಳು. ಕಾಶವ್ವ ಗೂಟ ಹಿಡಿದಳು. ಅವಳ ಕಣ್ಣು ಮೊದಲ ದೊಡ್ಡ ಹೆಜ್ಜೆಯ ಮೇಲೆ ಬಿತ್ತು, ಭುಜ ತಗ್ಗಿತು, ಕಲ್ಲು ಗರ್ರೆಂದಿತು.

ನಾನು ಕಿರುಚಿದೆ. ಅವ್ವ ಹಾಳೆ ತಿರುವುವುದನ್ನು ಮರೆತಳು, ಕಲ್ಲು ಗಕ್ಕನೆ ನಿಂತಿತು. ಕಾಶವ್ವ ಅವ್ವನ ಮೊಣಕಾಲಿಗೆ ಒಂದು ಏಟು ಕೊಟ್ಟಳು: ತಿರುವು! ಗುಬ್ಬಿ ಬಂತು, ಎಲೆ ತೇಲಿತು, ಗೊರಸು ದಾಟಿತು, ಬಾಗಿಲು ತೆರೆಯಿತು. ಕಲ್ಲಿನ ಸುತ್ತ ಬೆಳ್ಳಗೆ ಹಿಟ್ಟು ಉದುರಿತು. ಆ ಹಿಟ್ಟನ್ನು ಅವಳು ಮೂಸಿದಳು, ನೆಕ್ಕಿದಳು, ನನ್ನ ಮುಖಕ್ಕೆ ಬಳಿದಳು. ಫಕೀರವ್ವನ ತಲೆ ಗೋಡೆಯ ಮೇಲೆ ಬಂದು ಅಲ್ಲೇ ನಿಂತಿತ್ತು.

ಸುದ್ದಿ ಊರು ಸುತ್ತಿತು. ಅದು ಗಂಟಲು ಕಟ್ಟುವ ಕಾಲ, ಅರ್ಧ ಊರು ಕೆಮ್ಮುತ್ತಿತ್ತು. “ನಮಗೊಂದು ಬರದು ಕೊಡವ್ವ” ಎಂದು ಹೆಂಗಸರು ಅಂಗಳ ತುಂಬಿದರು. ಕೈಯಲ್ಲಿ ಎಷ್ಟೆಂದು ಬರೆಯಲಿ? ಅಡಿವೆಪ್ಪನ ಹತ್ತಿರ ಹೋದೆ. ಲಗ್ನಪತ್ರಿಕೆ ಛಾಪಿಸುವ, ಕಾಲಿನಿಂದ ತುಳಿಯುವ ಯಂತ್ರ ಅವನದು. ಅದಕ್ಕೂ ಒಂದು ಪದ, ಅವನೇ ಕಟ್ಟಿದ್ದು, ಅದರ ತುಂಬ ಬೀಗರಿಗೆ ಬೈಗುಳ. ಅವನು ಹಾಳೆಗಳನ್ನು ಬೆಳಕಿಗೆ ಹಿಡಿದು ಕುಣಿದಾಡಿಬಿಟ್ಟ. “ಗಣಪ್ಪನ ಇಲಿ ಬಿಟ್ರ ಬ್ಯಾರೆ ಪ್ರಾಣೀನ ಛಾಪಿಸಿಲ್ಲವ್ವ ನಾ! ಇರುವೀಗೆ ಆರು ಕಾಲೇನ? ಆರೂ ಕೆತ್ತತೀನಿ ತಗೋ!” ಮರದ ಅಚ್ಚು ಕೆತ್ತಿದ. ನೀಲಿಗೊಂದು, ಕೆಂಪಿಗೊಂದು, ಕಪ್ಪಿಗೊಂದು. ಮೊದಲ ಹಾಳೆಯಲ್ಲಿ ಸೀರೆ ಇರುವೆಯ ಪಕ್ಕಕ್ಕೆ ಹೋಗಿ ಬಿತ್ತು. ಇರುವೆ ಬರಿಮೈಯಲ್ಲಿ ನಿಂತಿದ್ದಳು. “ಅಯ್ಯೋ ಮಾನ ಹೋತು” ಎಂದು ಅಡಿವೆಪ್ಪ ಕಣ್ಣು ಮುಚ್ಚಿಕೊಂಡ. ಕೊನೆಯ ಹಾಳೆಗೆ ಬಂದಾಗ ಕೇಳಿದ: “ಬಾಗಿಲ ನುಡಿ ಯಾರದು ಹಾಕ್ಲಿ?”

“ನಮ್ಮದ ಹಾಕ್ರಿ ಕಾಕಾ, ಚಿತ್ರ ತಯಾರೈತಿ. ಉಳದವರು ಬಾಗಿಲತನಕ ಪುಸ್ತಕ ನೋಡಲಿ, ಮುಂದ ಬಾಯಿಲೆ ಅಂದಕೊಳ್ಳಲಿ.”

“ಹೌದ್‌ ಬಿಡು. ಒಂದ ನುಡಿ ಅನ್ನಾಕ ಗಂಟಲ ಏನ ಹರಿಯೂದಿಲ್ಲ.”

ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ಮನೆಮನೆಗೂ ಪುಸ್ತಕ ಹೋಯಿತು. ಆ ದಿನಗಳಲ್ಲಿ ನಮ್ಮ ಊರನ್ನು ನೀವು ನೋಡಬೇಕಿತ್ತು! ಹಲ್ಲು ಬಿದ್ದ ಮಕ್ಕಳು ಕಲ್ಲು ತಿರುವಿದವು. ತಾಯಂದಿರು ಹಾಳೆ ಹಿಡಿದರು, ಮಕ್ಕಳು ಗೂಟ ಹಿಡಿದವು. ಮಕ್ಕಳು ಹಾಳೆ ಹಿಡಿದಾಗ ಎರಡೆರಡು ಒಟ್ಟಿಗೇ ತಿರುವಿ, ಇರುವೆ ಹಳ್ಳವನ್ನೇ ಹಾರಿ, ಕಲ್ಲು ಜಿಗಿದು ಹಿಟ್ಟು ಸೂರಿಗೆ ಹಾರಿತು. ನಾಚಿಕೆಯ ಹೊಸ ಸೊಸೆಯರು, ದನಿ ಒಡೆದ ಹುಡುಗರು, ಎಲ್ಲರೂ ಬೀಸಿದರು. ಬೀಸಲು ಜೋಳ ಸಾಲದೆ ಕಡಲೆ ಬೀಸಿದರು, ಕಡಲೆ ಮುಗಿದ ಮೇಲೆ ಉಪ್ಪು ಬೀಸಿದರು. ನಾನು ಬೀದಿಯಲ್ಲಿ ನಡೆದರೆ ಎಡಬಲದ ಮನೆಗಳಿಂದ ಬರೀ ಗರ್ರ್ ಗರ್ರ್ ಸದ್ದು. ಪದ ಕೇಳುತ್ತಿರಲಿಲ್ಲ. ಪುಸ್ತಕ ಇರುವಾಗ ಬಾಯಿ ಯಾಕೆ ನೋಯಿಸಿಕೊಳ್ಳಬೇಕು? ಕೊನೆಯ ಹಾಳೆಯಲ್ಲಿ ಸೌಟು ಹಿಡಿದವಳು ಹೇಗೂ ಬಾಗಿಲು ತೆಗೆಯುತ್ತಿದ್ದಳು; ಅಲ್ಲಿಗೆ ಬಂದು ಪುಸ್ತಕ ಕೆಳಗಿಟ್ಟು ತಮ್ಮ ನುಡಿ ಹೇಳುವ ತಾಳ್ಮೆ ಯಾರಿಗೂ ಉಳಿಯಲಿಲ್ಲ.

ಫಕೀರವ್ವನೂ ಒಂದು ಪುಸ್ತಕ ಒಯ್ದಿದ್ದಳು. ಮೊಮ್ಮಕ್ಕಳು ಬಂದರೆ ಆಡಲಿ ಎಂದಳು. ಅವಳಿಗೆ ಮೊಮ್ಮಕ್ಕಳಿರಲಿಲ್ಲ. ಒಬ್ಬಳೇ ಮಗಳು ಬಹಳ ಹಿಂದೆ ಯಾರ ಜೊತೆಗೋ ಹೋದವಳು ಎಲ್ಲಿದ್ದಾಳೆಂದು ಊರಿಗೆ ಗೊತ್ತಿಲ್ಲ. ಕೆಮ್ಮು ಹತ್ತಿದಾಗ ಫಕೀರವ್ವ ಪುಸ್ತಕವನ್ನು ಉಪ್ಪಿನ ಮಡಕೆಗೆ ಆನಿಸಿಟ್ಟು ಒಂದು ಕೈಯಲ್ಲಿ ಹಾಳೆ, ಇನ್ನೊಂದರಲ್ಲಿ ಗೂಟ ತಿರುವಿದ್ದನ್ನು ನಾನೇ ಗೋಡೆಯ ಮೇಲಿನಿಂದ ನೋಡಿದ್ದೇನೆ.

ಹೊಸ ಜೋಳದ ದಿನ ಬಂತು. ಹಿರಿಯರು ಬೀದಿಯ ಆ ತುದಿಯಿಂದ ಅಂಗಳ ಅಂಗಳ ನೋಡುತ್ತ ಬಂದರು. ಮುಂದೆ ಊರ ಹಿರಿಯ ಉಳವಪ್ಪಜ್ಜ, ಹಿಂದೆ ಕಲ್ಲು ಎತ್ತುವ ಆಳುಗಳು, ಅವರ ಹಿಂದೆ ಊರು. ಎಲ್ಲ ಮನೆಯಲ್ಲೂ ಪುಸ್ತಕ, ಎಲ್ಲ ಕಲ್ಲೂ ಸರಾಗ. ನಮ್ಮ ಮನೆಗಿಂತ ಮೊದಲು ಫಕೀರವ್ವನದು. ಅವಳು ಹೊಸ ಸೀರೆ ಉಟ್ಟು, ಪುಸ್ತಕವನ್ನು ದೂರ ಸರಿಸಿ, “ಇವತ್ತರ ಬಾಯಿಲೆ ಅಂತೀನಿ. ಕೇಳ್ರಿ, ಮರ್ತೀರಿ” ಎಂದು ಶುರುಮಾಡಿದಳು. ಅಂಥ ದನಿ ಊರಿನಲ್ಲಿ ಇನ್ನೊಂದಿಲ್ಲ. ಇರುವೆ ಹೊರಟಳು, ಗುಬ್ಬಿ ರೆಕ್ಕೆ ಬಿಚ್ಚಿತು, ಎಲೆ ತೇಲಿತು, ಗೊರಸು ದಾಟಿತು. ಬಾಗಿಲು ಬಂತು. “ಕದಕ ಕೀಲಿ ಜಡದೈತಿ, ಒಳಗ ಮಗಳಿಲ್ಲ” ಎಂದಳು. ಕಲ್ಲು ನಿಂತಿತು.

ಅವಳು ಎರಡೂ ಕೈಯಿಂದ ಎಳೆದಳು. ಮತ್ತೆ ಅದೇ ನುಡಿ ಅಂದಳು, ಇನ್ನೂ ಗಟ್ಟಿಯಾಗಿ. ಕಲ್ಲು ನೆಲಕ್ಕೆ ಬೇರುಬಿಟ್ಟಂತೆ ಕೂತಿತ್ತು. ಅಡಿವೆಪ್ಪ ಒಮ್ಮೆಲೆ ತನ್ನ ಮನೆಗೆ ಓಡಿದ. ತೇಕುತ್ತ ಬಂದು, “ನಮ್ಮನ್ಯಾಗೂ ಅಷ್ಟ. ಇರುವಿ ಸಾಯವಲ್ಲದು. ಕಲ್ಲು ನಿಂತಬಿಡ್ತೈತಿ” ಅಂದ. ಇನ್ನೂ ನಾಲ್ಕು ಜನ ಓಡಿದರು. ಎಲ್ಲರೂ ಅದೇ ಮಾತು ತಂದರು.

ಫಕೀರವ್ವ ಎದ್ದು ನಿಂತಳು. “ಕಲ್ಲು ಪುಸ್ತಕಕ್ಕ ಒಗ್ಗಿಬಿಟ್ಟಾವ. ಎಲ್ಲಾ ಪುಸ್ತಕ ತರ್ರಿ, ಸುಡೂನು. ಸುಟ್ರ ಹೊಳ್ಳಿ ನಮ್ಮ ಮಾತ ಕೇಳ್ತಾವ.” ಯಾರೂ ತರಲು ಹೋಗಲಿಲ್ಲ. ಒಬ್ಬಳು ಗಂಟಲು ಸವರಿಕೊಂಡಳು, ಒಬ್ಬಳು ಮಗುವನ್ನು ಕಂಕುಳಿಗೆ ಎತ್ತಿಕೊಂಡಳು. ಫಕೀರವ್ವ ನನ್ನತ್ತ ತಿರುಗಿದಳು. “ಮೊದಲ ನಿಮ್ಮದು ತಾ.”

ಕಾಶವ್ವ ಅಷ್ಟೂ ತುಟಿಗಳನ್ನು ನೋಡಿದ್ದಳು. ನಮ್ಮ ಅಂಗಳದ ಮಧ್ಯಕ್ಕೆ ಹೋಗಿ ನಮ್ಮ ಕಲ್ಲಿನ ಮುಂದೆ ಕಾಲು ಚಾಚಿ ಕೂತು, ಪುಸ್ತಕವನ್ನು ಅವ್ವನ ಕೈಗೆ ಕೊಟ್ಟಳು. ಉಳವಪ್ಪಜ್ಜ ಕೋಲು ಊರಿ, “ಆ ಹುಡುಗಿ ಕೈಯಾಗ ಕಲ್ಲು ತಿರುಗಿದ್ರ ಪುಸ್ತಕ ಇರಲಿ. ತಿರುಗಲಿಲ್ಲಂದ್ರ ಪುಸ್ತಕ ಒಲಿಗೆ, ಕಲ್ಲು ಚಾವಡಿಗೆ” ಅಂದ. ಆಳುಗಳು ಹಗ್ಗ ಸಡಿಲಿಸಿಕೊಂಡು ನಿಂತರು. ಗಾಳಿಗೆ ಹಾಳೆ ಪಟಪಟನೆ ಬಡಿದುಕೊಳ್ಳುತ್ತಿತ್ತು. ಕಾಶವ್ವ ಹಾಳೆಯ ಅಂಚನ್ನು ಅವ್ವನ ಹೆಬ್ಬೆರಳಿನ ಕೆಳಗೆ ಒತ್ತಿ ಹಿಡಿಸಿದಳು. ಆಮೇಲೆ ದೊಡ್ಡ ಹೆಜ್ಜೆ, ಎರಡು ಸಣ್ಣವು. ಕಲ್ಲು ಹೊರಟಿತು. ಹಳ್ಳದ ಸುಳಿಯಲ್ಲಿ ನಿಧಾನವಾಯಿತು, ಗೊರಸಿನ ಹತ್ತಿರ ಓಡಿತು, ಬಾಗಿಲಲ್ಲಿ ನಿಲ್ಲಲೇ ಇಲ್ಲ. ಮಕ್ಕಳು ಕೇಕೆ ಹಾಕಿದರು. ಕಾಶವ್ವ ಅಂಗೈ ತುಂಬ ಹಿಟ್ಟು ಬಳಿದು ನಮ್ಮ ಬಾಗಿಲ ಚೌಕಟ್ಟಿಗೆ ಒತ್ತಿದಳು. ಮನೆ ಅವಳದಾಯಿತು. ನಾನು ಹೊಸ್ತಿಲ ಹೊರಗೆ ನಿಂತು ಕುಣಿದೆ, ನೆಂಟಳ ಹಾಗೆ.

ಫಕೀರವ್ವನ ಕಲ್ಲಿಗೆ ಆಳುಗಳು ಹಗ್ಗ ಸುತ್ತತೊಡಗಿದ್ದರು. ಹೊತ್ತು ಇನ್ನೂ ಒಂದಾಳೆತ್ತರವಿತ್ತು. ಕಾಶವ್ವ ಪುಸ್ತಕ ಹಿಡಿದು ಅತ್ತ ನಡೆದಳು, ಹಗ್ಗವನ್ನು ಕಾಲಿನಿಂದ ಸರಿಸಿದಳು, ಫಕೀರವ್ವನ ಎದುರು ಕೂತು ಮೊದಲ ಹಾಳೆ ತೆರೆದಳು. “ನೀ ಏನ ತೋರಸ್ತೀಯೇ ನನಗ? ನನ್ನ ಬೆನ್ನಿಂದ ಕದ್ದಾಕಿ” ಎಂದಳು ಫಕೀರವ್ವ. ಕಾಶವ್ವ ಹೌದೆಂದು ತಲೆ ಆಡಿಸಿದಳು. ಗೂಟವನ್ನು ಅವಳ ಕೈಗಿಟ್ಟಳು. ಮುದುಕಿ ಬೀಸಿದಳು. ಬಾಗಿಲ ಹಾಳೆ ಬಂದಾಗ ಕಣ್ಣು ಮುಚ್ಚಿದಳು, ಕಲ್ಲು ನಿಂತಿತು. ಕಾಶವ್ವ ಮೊಣಕೈಯಿಂದ ತಿವಿದು, ನೋಡು ಎಂದು ಬೆರಳಿಟ್ಟು ತೋರಿಸಿದಳು. ಫಕೀರವ್ವ ಕಣ್ಣು ತೆರೆದು ಸೌಟು ಹಿಡಿದು ಬಾಗಿಲು ತೆಗೆದವಳನ್ನು ನೋಡಿದಳು. ಕಲ್ಲು ತಿರುಗಿತು. “ಕಲ್ಲಿಗೇನ ಗೊತ್ತು ನನ್ನ ಮನಿ ಸುದ್ದಿ” ಅಂದು, ಹಿಟ್ಟು ಬಾಚಿಕೊಂಡು ಒಳಗೆ ಹೋದಳು.

ಆಮೇಲೆ ನಾನು ಬೀಗದ ಬಾಗಿಲು ಬರೆದು ಕೊಟ್ಟೆ, ಕಾಶವ್ವ ಹೆಜ್ಜೆ ಹಾಕಿದಳು. ಕಲ್ಲು ಒಪ್ಪಲಿಲ್ಲ. ಅಡಿವೆಪ್ಪ ತನ್ನ ತೆನೆಯನ್ನು ಅಚ್ಚು ಕೆತ್ತಿ ನೋಡಿದ, ಅದಕ್ಕೂ ಒಪ್ಪಲಿಲ್ಲ. ಸೊಸೆಯರಿಗೆ ಅತ್ತೆಯರು ಈಗ ಪುಸ್ತಕ ಕೊಡುತ್ತಾರೆ. ಕಾಶವ್ವನನ್ನು ನೋಡಲು ಇಬ್ಬರು ಬಂದಿದ್ದರು. ಇಬ್ಬರನ್ನೂ ಹೊಟ್ಟೆ ದಪ್ಪವೆಂದು ಕಳಿಸಿದಳು. ಸೇದುವ ಪದದ ಪುಸ್ತಕ ಅರ್ಧ ಮುಗಿದಿದೆ, ಅದರ ಹೆಜ್ಜೆಗಳನ್ನೂ ಅವಳೇ ಹಾಕುತ್ತಿದ್ದಾಳೆ. ನಮ್ಮ ಊರಿನಲ್ಲಿ ಬೀಸುಕಲ್ಲು ನಲವತ್ತೊಂದು. ಬಾಗಿಲ ನುಡಿಗಳೂ ನಲವತ್ತೊಂದು ಇದ್ದವು. ನಲವತ್ತು ಹೋದವು.